ದನಿ ಕೇಳುತ್ತದೆ, ಮಾತು ತಿಳಿಯದು

ಮಲೆನಾಡಿನ ಅನೇಕ ಮನೆಗಳಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ಗದ್ದೆಯ ನೆಟ್ಟಿ ಮುಗಿದಿರುತ್ತದೆ. ಅಡಿಕೆಗೆ ಎರಡನೆಯ ಸುತ್ತಿನ ಮದ್ದು ಹೊಡೆಯೋಣವೆಂದರೆ ಮಳೆ ಬಿಡುವು ಕೊಡುವುದಿಲ್ಲ. ಅಂಥ ಸಂಜೆಗಳಲ್ಲಿ ಜಗಲಿಯ ಮೂಲೆಯ ಟೇಪ್‌ರೆಕಾರ್ಡರಿನಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳುತ್ತ ಕೂರುವುದು ನನ್ನ ತಂದೆಯವರ ದಶಕಗಳ ರೂಢಿಯಾಗಿತ್ತು. 2012ರಲ್ಲಿ ನಾವು ಮಣ್ಣಿನ ಗೋಡೆಯ ಹಳೆಯ ಹಂಚಿನ ಮನೆಯ ಪಕ್ಕದಲ್ಲಿಯೇ ಸಿಮೆಂಟಿನ ಹೊಸ ಮನೆ ಕಟ್ಟಿಕೊಂಡು ಅಲ್ಲಿಗೆ ಹೋದೆವು. ಒಂದೆರಡು ವರ್ಷಗಳಲ್ಲಿ ಅವರ ರೂಢಿ ತಾನಾಗಿ ನಿಂತುಹೋಯಿತು. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ದನಿ ಕೇಳ್ತು ತಮಾ, ಮಾತು ತಿಳೀತಿಲ್ಲೆ."

ವಯಸ್ಸಿನ ದೋಷವೆಂದು ನಾವು ಭಾವಿಸಿದೆವು. ವೈದ್ಯರು ಪರೀಕ್ಷಿಸಿ, ಈ ವಯಸ್ಸಿಗೆ ಕಿವಿ ಚೆನ್ನಾಗಿಯೇ ಇದೆ ಎಂದರು. ಹಾಗಾದರೆ ದೋಷ 1991ರಲ್ಲಿ ಕೊಂಡ ಹಳೆಯ ಸ್ಪೀಕರುಗಳದ್ದೇ ಇರಬೇಕೆಂದು ಅವುಗಳನ್ನು ಪೇಟೆಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ, "ಇದರ ಭಾಗ ಈಗ ಸಿಗುವುದಿಲ್ಲ, ಹೊಸದು ತೆಗೆದುಕೊಳ್ಳಿ" ಎಂದರು. ತೆಗೆದುಕೊಂಡೆ. ಹೊಸ ಯಂತ್ರದ ಗುಡುಗಿಗೆ ಕಪಾಟಿನ ಪಾತ್ರೆಗಳು ನಡುಗಿದವೇ ಹೊರತು ತಂದೆಯವರಿಗೆ ಕೃಷ್ಣನ ಮಾತು ಯಾವುದು, ಕೌರವನ ಮಾತು ಯಾವುದು ಎಂಬುದು ತಿಳಿಯಲಿಲ್ಲ. ರೋಗವನ್ನು ಗುರುತಿಸದೆ ಮದ್ದು ಹೊಡೆಯಬೇಡಿ ಎಂದು ಇಪ್ಪತ್ತು ವರ್ಷಗಳಿಂದ ರೈತರಿಗೆ ಹೇಳುತ್ತ ಬಂದ ನಾನು ನನ್ನ ಮನೆಯಲ್ಲಿ ಮಾಡಿದ್ದು ಅದನ್ನೇ.

ಒಂದು ದಿನ ಆ ಕೋಣೆಯ ನಡುವೆ ನಿಂತು ಸುಮ್ಮನೆ ಒಮ್ಮೆ ಚಪ್ಪಾಳೆ ತಟ್ಟಿದೆ. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಗುಂಯ್‌ಗುಡುತ್ತ ಬಹಳ ಹೊತ್ತು ಉಳಿಯಿತು. ಖಾಲಿಯಾಗಿ ನಿಂತಿದ್ದ ಹಳೆಯ ಮನೆಯ ಜಗಲಿಗೆ ಹೋಗಿ ಹಾಗೆಯೇ ತಟ್ಟಿದೆ. ಸದ್ದು ಹುಟ್ಟಿತು, ಮುಗಿಯಿತು. ಆಗ ವಿಷಯ ಸ್ಪಷ್ಟವಾಯಿತು. ಹಳೆಯ ಸ್ಪೀಕರಿನಲ್ಲಿ ದೋಷವಿತ್ತು, ನಿಜ. ಆದರೆ ದೊಡ್ಡ ದೋಷವಿದ್ದದ್ದು ಕೋಣೆಯಲ್ಲಿ. ಬೀಜ ಎಷ್ಟೇ ಉತ್ತಮವಾಗಿದ್ದರೂ ಮಣ್ಣು ಸರಿಯಿಲ್ಲದಿದ್ದರೆ ಬೆಳೆ ಬಾರದು. ಕೇಳುವಿಕೆಯ ವಿಷಯದಲ್ಲಿ ಸ್ಪೀಕರು ಬೀಜ, ಕೋಣೆಯೇ ಮಣ್ಣು.

ನಮ್ಮ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹಾಳಾದುದನ್ನು ಎಸೆದು ಹೊಸದನ್ನು ತರುವ ಅಭ್ಯಾಸವು ಪ್ಲಾಸ್ಟಿಕ್ ಚೀಲದಿಂದ ಆರಂಭವಾಗಿ ಇಂದು ನಮ್ಮ ಪಡಸಾಲೆಗೂ ಬಂದಿದೆ. ಅದನ್ನು ಎದುರಿಸಲು ಘೋಷಣೆಗಿಂತ ತಿಳಿವಳಿಕೆ ಹೆಚ್ಚು ಉಪಯುಕ್ತ. ಆದ್ದರಿಂದ ಈ ಬಾರಿ, ನಾನು ತಪ್ಪು ಮಾಡಿ ಕಲಿತದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಸ್ಪೀಕರಿನ ಮಾತು. ಇಂದು ನಾವು ಬಳಸುವ ಬಗೆಯ ಸ್ಪೀಕರನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು 1925ರಲ್ಲಿ ಲೋಕಕ್ಕೆ ಪರಿಚಯಿಸಿದರು. ನೂರು ವರ್ಷಗಳಲ್ಲಿ ಅದರ ಮೂಲತತ್ವ ಬದಲಾಗಿಲ್ಲ. ಒಂದು ಅಯಸ್ಕಾಂತ, ಅದರ ಕಿರಿದಾದ ಸಂದಿನಲ್ಲಿ ತೂಗುವ ತಾಮ್ರದ ತಂತಿಸುರುಳಿ, ಆ ಸುರುಳಿಗೆ ಅಂಟಿಸಿದ ಕಾಗದದ ಶಂಕು, ಶಂಕುವಿನ ಹೊರ ಅಂಚನ್ನು ಲೋಹದ ಚೌಕಟ್ಟಿಗೆ ಜೋಡಿಸುವ ಮೆತ್ತನೆಯ ಬಳೆ. ತಂತಿಯಲ್ಲಿ ಹರಿಯುವ ವಿದ್ಯುತ್ತು ಏರಿಳಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ, ಅದೇ ದನಿ. ಇಷ್ಟು ಸರಳವಾದ ಯಂತ್ರದಲ್ಲಿ ರಿಪೇರಿಯಾಗದ ಭಾಗ ಬಹಳ ಕಡಿಮೆ. ಅಯಸ್ಕಾಂತವು ಮನುಷ್ಯನ ಆಯುಷ್ಯಕ್ಕಿಂತ ಹೆಚ್ಚು ಬಾಳುತ್ತದೆ. ಮೊದಲು ಸೋಲುವುದು ಅಂಚಿನ ಬಳೆ.

1970ರ ದಶಕದಿಂದೀಚೆಗಿನ ಬಹಳಷ್ಟು ಸ್ಪೀಕರುಗಳಲ್ಲಿ ಈ ಬಳೆಯನ್ನು ಪಾಲಿಯುರೆಥೇನ್ ಫೋಮಿನಿಂದ ಮಾಡಿರುತ್ತಾರೆ. ಗಾಳಿಯ ನೀರಿನಂಶವು ಈ ಫೋಮಿನ ಅಣುಸರಪಳಿಗಳನ್ನು ಕ್ರಮೇಣ ಕತ್ತರಿಸುತ್ತದೆ. ಒಣ ಪ್ರದೇಶಗಳಲ್ಲಿಯೇ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ಪುಡಿಯಾಗುವುದುಂಟು. ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಘಟ್ಟದ ಮೇಲೆ ಅದರ ಗತಿ ಹೇಳಬೇಕಿಲ್ಲ. ಬೆರಳಿನಿಂದ ಮುಟ್ಟಿದರೆ ಅಂಟಂಟಾಗಿ ಉದುರುವುದು, ತಗ್ಗು ಸ್ವರಗಳಲ್ಲಿ ಬರಬರ ಸದ್ದು ಬರುವುದು ಇದರ ಲಕ್ಷಣ. ಇದು ಸ್ಪೀಕರಿನ ಸಾವಲ್ಲ; ಕೊಡೆಯ ಬಟ್ಟೆ ಹರಿದಂತೆ, ಅಷ್ಟೇ. ಕಡ್ಡಿ ಗಟ್ಟಿಯಾಗಿದ್ದರೆ ಬಟ್ಟೆ ಹಾಕಿಸುತ್ತೇವಲ್ಲವೆ?

ಅಳತೆಗೆ ಸರಿಯಾದ ಫೋಮಿನ ಬಳೆಗಳು ಈಗಲೂ ನಗರದ ಬಿಡಿಭಾಗದ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಹಳೆಯ ಫೋಮನ್ನೂ ಅಂಟನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ತಾಳ್ಮೆಯಿಂದ ತೆಗೆಯಬೇಕು. ಹೊಸ ಬಳೆಯನ್ನು ಮೊದಲು ಶಂಕುವಿಗೆ, ಅದು ಒಣಗಿದ ಮೇಲೆ ಚೌಕಟ್ಟಿಗೆ ಅಂಟಿಸಬೇಕು. ಒಣಗಿದರೂ ಬಾಗುವ ಗುಣವುಳ್ಳ ಅಂಟನ್ನೇ ಬಳಸಬೇಕು. ಕ್ಷಣದಲ್ಲಿ ಕಲ್ಲಾಗುವ ಅಂಟು ಸಲ್ಲದು. ಚೌಕಟ್ಟಿಗೆ ಅಂಟಿಸುವಾಗ ಶಂಕುವನ್ನು ನಾಲ್ಕೂ ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿ ನೋಡಬೇಕು. ಕೆರೆಯುವ ಸದ್ದು ಬಂದರೆ ಸುರುಳಿಯು ಅಯಸ್ಕಾಂತಕ್ಕೆ ತಾಗುತ್ತಿದೆ ಎಂದರ್ಥ; ಅಂಟು ಹಸಿಯಿರುವಾಗಲೇ ಸರಿಸಿ ನಡುವಿಗೆ ತರಬೇಕು. ಮಳೆಗಾಲವಾದರೆ ಒಂದು ಪೂರ್ತಿ ದಿನ ಒಣಗಲು ಬಿಡಬೇಕು. ಅಡಿಕೆ ಸಸಿಯನ್ನು ಗುಂಡಿಯ ನಡುವೆ ನೆಟ್ಟಗೆ ನಿಲ್ಲಿಸಬಲ್ಲ ಕೈಗೆ ಈ ಕೆಲಸ ಕಷ್ಟವಲ್ಲ.

ಉಳಿದ ರೋಗಗಳನ್ನು ಪತ್ತೆಹಚ್ಚಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. 8 ಓಮಿನ ಸ್ಪೀಕರನ್ನು ಅಳೆದರೆ ಸುಮಾರು 6ರಿಂದ 7 ಓಮ್ ತೋರಬೇಕು. ಏನೂ ತೋರದಿದ್ದರೆ ಎಲ್ಲಿಯೋ ತಂತಿ ಕಡಿದಿದೆ. ಸುರುಳಿಯೇ ಸುಟ್ಟಿರಬಹುದು; ಆದರೆ ಎಷ್ಟೋ ಸಲ ಶಂಕುವಿಗೆ ಹೋಗುವ ಹೆಣೆದ ತಂತಿ ತುಂಡಾಗಿರುತ್ತದೆ, ಇಲ್ಲವೆ ಹಿಂಬದಿಯ ಮೊಳೆಗಳು ಕಿಲುಬು ಹಿಡಿದಿರುತ್ತವೆ. ಇವೆರಡೂ ಒಂದು ಚುಕ್ಕಿ ಬೆಸುಗೆಯ, ಒಂದು ತುಂಡು ಉಪ್ಪುಕಾಗದದ ಕೆಲಸ. ತಾರಕದ ಸ್ವರಗಳು ಮಾತ್ರ ಮಂಕಾಗಿದ್ದರೆ ಪೆಟ್ಟಿಗೆಯೊಳಗಿನ ಕೆಪಾಸಿಟರ್ ಸೊರಗಿರುವ ಸಂಭವವಿದೆ. ಅಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನ, ಧ್ರುವಭೇದವಿಲ್ಲದ ಬಗೆಯದನ್ನು ಹಾಕಿದರೆ ಸರಿಹೋಗುತ್ತದೆ. ನಮ್ಮ ಪೆಟ್ಟಿಗೆಗಳಲ್ಲೊಂದರ ಗಾಳಿಕೊಳವೆಯಲ್ಲಿ ಕಣಜವು ಮಣ್ಣಿನ ಗೂಡು ಕಟ್ಟಿ ಬಾಯಿ ಮುಚ್ಚಿಬಿಟ್ಟಿತ್ತು. ನಗರದ ಯಾವ ಕೈಪಿಡಿಯಲ್ಲಿಯೂ ಈ ರೋಗದ ಹೆಸರಿರಲಾರದು!

ಇನ್ನೊಂದು ಸೂಕ್ಷ್ಮ. ಎರಡು ಸ್ಪೀಕರುಗಳ ತಂತಿಗಳನ್ನು ಒಂದಕ್ಕೆ ನೇರವಾಗಿ, ಇನ್ನೊಂದಕ್ಕೆ ತಿರುವುಮುರುವಾಗಿ ಜೋಡಿಸಿದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ತಗ್ಗಿನ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಮದ್ದಳೆ ಸಪ್ಪೆಯಾಗಿ ಕೇಳುವ ಎಷ್ಟೋ ಮನೆಗಳಲ್ಲಿ ಇದೇ ಕಾರಣ. ಆಂಪ್ಲಿಫೈಯರಿನಿಂದ ತಂತಿ ಬಿಡಿಸಿ, ಒಂದೂವರೆ ವೋಲ್ಟಿನ ಬ್ಯಾಟರಿಯ ಧನ ತುದಿಯನ್ನು ಕೆಂಪು ಮೊಳೆಗೂ ಋಣ ತುದಿಯನ್ನು ಕಪ್ಪು ಮೊಳೆಗೂ ಕ್ಷಣಮಾತ್ರ ತಾಗಿಸಿದರೆ ಶಂಕು ಹೊರಕ್ಕೆ ಜಿಗಿಯಬೇಕು. ಎರಡೂ ಒಂದೇ ದಿಕ್ಕಿಗೆ ಜಿಗಿದರೆ ಸರಿ.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸ್ಪೀಕರಿನ ಪೆಟ್ಟಿಗೆಯನ್ನು ಯಾರು ಬೇಕಾದರೂ ಬಿಚ್ಚಬಹುದು. ಆದರೆ ಕರೆಂಟಿಗೆ ನೇರವಾಗಿ ಜೋಡಿಸುವ ಆಂಪ್ಲಿಫೈಯರನ್ನು ಬಲ್ಲವರು ಮಾತ್ರ ಬಿಚ್ಚಬೇಕು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಸಣ್ಣ ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ದನಿ ಒಡೆಯುವಂತೆ ನುಡಿಸಿದರೆ ಟ್ವೀಟರ್ ಸುಡುತ್ತದೆ. ಬಹಳ ಮಂದಿ ಸ್ಪೀಕರನ್ನು ಕೊಲ್ಲುವುದು ಹೀಗೆ. ಮುಂಗಾರುಪೂರ್ವದ ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡುವುದನ್ನು ಮಕ್ಕಳಿಗೂ ಕಲಿಸಬೇಕು.

ಇನ್ನು ಕೋಣೆಯ ವಿಚಾರ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಭವನವೊಂದರಲ್ಲಿ ಯಾರ ಮಾತೂ ಯಾರಿಗೂ ತಿಳಿಯದ ಸ್ಥಿತಿ ಬಂತು. ಆಡಿದ ಶಬ್ದ ಐದೂವರೆ ಸೆಕೆಂಡಿನಷ್ಟು ಕಾಲ ಉಳಿಯುತ್ತಿತ್ತು. ದೋಷವನ್ನು ಸರಿಪಡಿಸುವ ಕೆಲಸ ವಾಲೇಸ್ ಕ್ಲೆಮೆಂಟ್ ಸೇಬಿನ್ ಎಂಬ ತರುಣ ಭೌತವಿಜ್ಞಾನ ಅಧ್ಯಾಪಕರ ಪಾಲಿಗೆ ಬಂತು. ಅವರು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಭವನದಲ್ಲಿ ಹರಡಿ, ಒಂದು ಆರ್ಗನ್ ಕೊಳವೆಯನ್ನು ನುಡಿಸಿ, ಸದ್ದು ಅಡಗಲು ಬೇಕಾದ ಕಾಲವನ್ನು ಅಳೆದರು. ಮೆತ್ತೆ ಹೆಚ್ಚಿದಂತೆ ಕಾಲ ಇಳಿಯಿತು. ಈ ಸಾಧನೆಯಿಂದ ಹುಟ್ಟಿದ ಸೂತ್ರವನ್ನು ಬಳಸಿ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಇಂದಿಗೂ ಲೋಕದ ಉತ್ತಮ ಸಂಗೀತ ಭವನಗಳಲ್ಲಿ ಒಂದೆನಿಸಿದೆ. ದನಿಯನ್ನು ಪೂರ್ತಿ ಹೀರುವ ವಸ್ತುವಿಗೆ ಸೇಬಿನ್ ಆರಿಸಿಕೊಂಡ ಅಳತೆಗೋಲು ಯಾವುದು ಗೊತ್ತೆ? ತೆರೆದ ಕಿಟಕಿ. ಅದರ ಮೂಲಕ ಹೊರಗೆ ಹೋದ ದನಿ ಮರಳಿ ಬರುವುದಿಲ್ಲ.

ವಿದ್ಯಾರ್ಥಿಗಳಿಗಾಗಿ ಸೂತ್ರವನ್ನೇ ಕೊಡುತ್ತೇನೆ. ಕೋಣೆಯ ಘನಮೀಟರುಗಳನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಸದ್ದು ಹತ್ತು ಲಕ್ಷದ ಒಂದು ಪಾಲಿಗೆ ಇಳಿಯಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ನಮ್ಮ ಹೊಸ ಪಡಸಾಲೆ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ. ಅಂದರೆ 60 ಘನಮೀಟರ್. ಗೋಡೆ, ನೆಲ, ಚಾವಣಿ ಸೇರಿ 94 ಚದರ ಮೀಟರ್. ಗಾರೆ, ಕಾಂಕ್ರೀಟು, ನುಣುಪು ಟೈಲ್ಸು ಬಿದ್ದ ದನಿಯಲ್ಲಿ ನೂರಕ್ಕೆ ಸುಮಾರು ಮೂರು ಪಾಲನ್ನು ಮಾತ್ರ ಹೀರುತ್ತವೆ. ಒಟ್ಟು ಹೀರಿಕೆ 2.8. ಲೆಕ್ಕ ಹಾಕಿದರೆ ಖಾಲಿ ಕೋಣೆಯಲ್ಲಿ ಸದ್ದು ಉಳಿಯುವ ಕಾಲ ಸುಮಾರು 3.4 ಸೆಕೆಂಡು. ಮನುಷ್ಯ ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಆಡುತ್ತಾನೆ. ಹಿಂದಿನ ಹತ್ತಾರು ಅಕ್ಷರಗಳು ಇನ್ನೂ ಗಾಳಿಯಲ್ಲಿರುವಾಗ ಮುಂದಿನದು ಬಂದು ಅವುಗಳ ಮೇಲೆ ಬೀಳುತ್ತದೆ. ತಂದೆಯವರು ಹೇಳಿದ್ದು ವಿಜ್ಞಾನದ ಸತ್ಯವೇ ಆಗಿತ್ತು: ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸ್ಪೀಕರನ್ನು ದೊಡ್ಡದು ಮಾಡಿದರೆ ಗದ್ದಲವೂ ಅದರ ಜೊತೆಯಲ್ಲಿಯೇ ದೊಡ್ಡದಾಗುತ್ತದೆ.

ಅದೇ ಕೋಣೆಯಲ್ಲಿ ಬಾಗಿಲು, ಕಿಟಕಿ ಸೇರಿ 5 ಚದರ ಮೀಟರ್ ತೆರೆದರೆ ಹೀರಿಕೆ 7.8ಕ್ಕೆ ಏರಿ ಕಾಲ 1.2 ಸೆಕೆಂಡಿಗೆ ಇಳಿಯುತ್ತದೆ. ಒಂದು ಕಡೆ ಪೂರ್ತಿ ತೆರೆದಿದ್ದ ನಮ್ಮ ಹಳೆಯ ಜಗಲಿ ಏಕೆ ಮಾತಿಗೆ ಅಷ್ಟು ಹಿತವಾಗಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಹಿರಿಯರು ಅದನ್ನು ದನಿಗಾಗಿ ಕಟ್ಟಿದವರಲ್ಲ. ಗಾಳಿಗಾಗಿ, ನೆಂಟರಿಗಾಗಿ, ಅಡಿಕೆ ಸುಲಿಯುವುದಕ್ಕಾಗಿ ಕಟ್ಟಿದರು. ಹಂಚಿನ ಸಂದು, ಮರದ ಮುಚ್ಚಿಗೆ, ಮಡಿಸಿಟ್ಟ ಕಂಬಳಿ, ಮೂಟೆಗಳ ರಾಶಿ, ಹತ್ತು ಜನರ ಮೈ, ಇವೆಲ್ಲ ಸೇರಿ ದನಿಯನ್ನು ಹದಗೊಳಿಸುತ್ತಿದ್ದವು. ನಾವು ಮನೆ ಬದಲಿಸಿದಾಗ ಆ ಹದವನ್ನೂ ಕಳೆದುಕೊಂಡೆವು, ಕಳೆದುಕೊಂಡದ್ದು ನಮಗೆ ತಿಳಿಯಲೂ ಇಲ್ಲ.

ಮಳೆಯಲ್ಲಿ ಕಿಟಕಿ ತೆರೆದರೆ ಮಳೆಯ ಸದ್ದೇ ಒಳಗೆ ಬರುತ್ತದೆ. ಆದ್ದರಿಂದ ಒಳಗಿನ ಹೀರಿಕೆಯನ್ನೇ ಹೆಚ್ಚಿಸಬೇಕು. ಮಾರುಕಟ್ಟೆಯ ದುಬಾರಿ ಹಲಗೆಗಳು ಬೇಡ. ತೆಂಗಿನ ನಾರು ದನಿಯನ್ನು ಚೆನ್ನಾಗಿ ಹೀರುತ್ತದೆಂದು ಪ್ರಯೋಗಗಳು ತೋರಿಸಿವೆ. ನಾವು 2 ಅಡಿ ಅಗಲ, 4 ಅಡಿ ಉದ್ದ, 4 ಅಂಗುಲ ದಪ್ಪದ ನಾಲ್ಕು ಮರದ ಚೌಕಟ್ಟುಗಳಲ್ಲಿ ಚೆನ್ನಾಗಿ ಒಣಗಿಸಿದ ನಾರನ್ನು ತುಂಬಿ, ಹಳೆಯ ಹತ್ತಿಯ ಸೀರೆಯಿಂದ ಮುಚ್ಚಿ, ಗೋಡೆಯಿಂದ ಎರಡು ಅಂಗುಲ ಬಿಟ್ಟು ತೂಗಹಾಕಿದೆವು. ಹಿಂದೆ ಗಾಳಿಯಾಡಿದರೆ ಬೂಷ್ಟು ಹಿಡಿಯದು, ದನಿಯ ಹೀರಿಕೆಯೂ ಹೆಚ್ಚು. ಬೇಸಗೆಯಲ್ಲಿ ಹೊರಗಿಟ್ಟು ಬಿಸಿಲು ಕಾಯಿಸಬೇಕು. ದೀಪ, ಸ್ವಿಚ್ಚುಗಳಿಂದ ದೂರವಿಡಬೇಕು. ಇವುಗಳೊಂದಿಗೆ ಹತ್ತಿಯ ಹಾಸಿಗೆಯ ದಿವಾನ, ಪುಸ್ತಕದ ಕಪಾಟು, ಕಂಬಳಿಯ ಪರದೆ ಸೇರಿ, ಐದು ಜನ ಕುಳಿತರೆ ಹೀರಿಕೆ ಎಂಟು ಘಟಕಗಳಷ್ಟು ಹೆಚ್ಚುತ್ತದೆ. ಕಿಟಕಿ ಮುಚ್ಚಿದ್ದರೂ ಸದ್ದಿನ ಕಾಲ ಒಂದು ಸೆಕೆಂಡಿಗಿಂತ ಕೆಳಗಿಳಿಯುತ್ತದೆ, ತೆರೆದರೆ 0.6ರ ಸುಮಾರಿಗೆ ಬರುತ್ತದೆ. ಮಾತಿಗೆ ಇದು ಒಳ್ಳೆಯ ಹದ. ಮೊಟ್ಟೆಯ ತಟ್ಟೆ, ಥರ್ಮೋಕೋಲ್ ಹಚ್ಚಿದರೆ ಸಾಕೆಂಬ ನಂಬಿಕೆ ಬಹಳ ಕಡೆ ಇದೆ. ಅವುಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಚೌಕಟ್ಟನ್ನು ಎಲ್ಲಿ ತೂಗಹಾಕಬೇಕೆಂಬುದಕ್ಕೆ ಒಂದು ಉಪಾಯವಿದೆ. ನೀವು ಕೇಳುವ ಜಾಗದಲ್ಲಿ ಕುಳಿತಿರಿ. ಇನ್ನೊಬ್ಬರು ಪಕ್ಕದ ಗೋಡೆಯ ಉದ್ದಕ್ಕೂ ಕನ್ನಡಿ ಹಿಡಿದು ಸಾಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಿಂದಲೇ ದನಿ ಚಿಮ್ಮಿ ನಿಮ್ಮ ಕಿವಿಗೆ ಬರುತ್ತದೆ. ಅಲ್ಲಿ ತೂಗಹಾಕಿ. ಸ್ಪೀಕರುಗಳನ್ನು ಮೂಲೆಯಿಂದ ತೆಗೆದು ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದಿಡಿ. ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕಿರಲಿ. ಎರಡು ಸ್ಪೀಕರ್ ಮತ್ತು ಕೇಳುವವರು ಸಮಬಾಹು ತ್ರಿಕೋನದ ಮೂರು ತುದಿಗಳಲ್ಲಿದ್ದರೆ ಉತ್ತಮ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಮೂಲೆಯಲ್ಲಿಟ್ಟ ಸ್ಪೀಕರಿನ ತಗ್ಗು ಸ್ವರ ಉಬ್ಬಿ ಮಾತನ್ನು ನುಂಗುತ್ತದೆ. ಉದ್ದ ಅಗಲ ಸಮವಾಗಿರುವ ಕೋಣೆಯಲ್ಲಿ ಈ ಉಬ್ಬರ ಇನ್ನೂ ಹೆಚ್ಚು. ಹೊಸ ಮನೆ ಕಟ್ಟುವವರು ಇದನ್ನು ನೆನಪಿಡಬೇಕು.

ನಾವು ಕೋಣೆಯನ್ನು ಹೀಗೆ ಸಿದ್ಧಪಡಿಸಿ, ಅಟ್ಟದಿಂದ ಹಳೆಯ ಪೆಟ್ಟಿಗೆಗಳನ್ನು ಇಳಿಸಿ ಹೊಸ ಬಳೆ ಹಾಕಿ, ಒಂದು ಶ್ರಾವಣದ ಸಂಜೆ ಅದೇ ಹಳೆಯ ಕ್ಯಾಸೆಟ್ಟನ್ನು ಹಾಕಿದೆವು. ತಂದೆಯವರು ಮೊದಲು ಸುಮ್ಮನಿದ್ದರು. ಅರ್ಧ ಗಂಟೆಯ ಮೇಲೆ, ಅರ್ಥಧಾರಿಯ ಒಂದು ಮೊನಚು ಮಾತಿಗೆ ಜೋರಾಗಿ ನಕ್ಕರು. ನಮಗೆ ಬೇರೆ ಪ್ರಮಾಣಪತ್ರ ಬೇಕಾಗಲಿಲ್ಲ. ಆದರೆ ಆ ನಗುವಿನ ಹಿಂದೆ ವ್ಯರ್ಥವಾಗಿ ಹೋದ ವರ್ಷಗಳಿದ್ದವು. ಒಬ್ಬ ವೃದ್ಧರು ತಮ್ಮ ಕಿವಿಯೇ ಸೋತಿತೆಂದು ನಂಬಿ ಮೌನವಾಗಿ ಕಳೆದ ಮಳೆಗಾಲಗಳು ಅವು. ನಮ್ಮ ಊರುಗಳ ಹೊಸ ಮನೆಗಳಲ್ಲಿ ಅಂಥ ಎಷ್ಟು ಹಿರಿಯರಿರಬಹುದು? ಅವರ ಕಿವಿಯನ್ನು ವೈದ್ಯರಿಗೆ ತೋರಿಸುವುದು ಮೊದಲ ಕರ್ತವ್ಯ. ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡುವುದು ಎರಡನೆಯದು.

ಈಗ ದೊಡ್ಡ ಲೆಕ್ಕಕ್ಕೆ ಬರೋಣ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ. ಸ್ಪೀಕರಿನ ಕರಿಯ ಅಯಸ್ಕಾಂತ ಮುಖ್ಯವಾಗಿ ಕಬ್ಬಿಣದ ಆಕ್ಸೈಡಿನಿಂದ ಆದದ್ದು, ಸುರುಳಿ ತಾಮ್ರದ್ದು, ಪುಟ್ಟ ಸ್ಪೀಕರುಗಳ ಅಯಸ್ಕಾಂತದಲ್ಲಿ ನಿಯೋಡಿಮಿಯಮ್ ಎಂಬ ವಿರಳ ಲೋಹವಿರುತ್ತದೆ. ಎಲ್ಲವೂ ಯಾವುದೋ ಬೆಟ್ಟದ ಹೊಟ್ಟೆಯಿಂದ ಬಂದವು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿ ನಿಂತಾಗ ನಾವು ಸಂತೋಷಪಟ್ಟೆವು. ಗಣಿ ಬೇಡವೆನ್ನುವ ಕೈಯೇ ಗಟ್ಟಿಯಾದ ಅಯಸ್ಕಾಂತವನ್ನು ಹಳ್ಳಕ್ಕೆ ಎಸೆದರೆ, ಇನ್ನೊಂದು ಬೆಟ್ಟಕ್ಕೆ ಗಣಿ ಬರಲೆಂದು ನಾವೇ ಅರ್ಜಿ ಬರೆದಂತಾಗುತ್ತದೆ.

ಕೊಳ್ಳಲೇಬೇಕಾದ ಸಂದರ್ಭವೂ ಬರಬಹುದು. ಆಗ ತಿರುಪುಮೊಳೆ ಇರುವ ಪೆಟ್ಟಿಗೆಯನ್ನು ಆರಿಸಿ. ಅಂಗೈಯಗಲದ ಬ್ಲೂಟೂತ್ ಸ್ಪೀಕರುಗಳಲ್ಲಿ ಅನೇಕವು ಅಂಟು ಹಾಕಿ ಮುಚ್ಚಿದವು. ಕೆಲವು ವರ್ಷಗಳಲ್ಲಿ ಒಳಗಿನ ಬ್ಯಾಟರಿ ಸೋತರೆ ಚೆನ್ನಾಗಿರುವ ಸ್ಪೀಕರೂ ಕಸವಾಗುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿ, ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ಯಂತ್ರ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಬಿಡಿಭಾಗವನ್ನೂ ಕೈಪಿಡಿಯನ್ನೂ ಗ್ರಾಹಕರಿಗೆ ಒದಗಿಸಬೇಕೆಂಬುದು ಇದರ ಆಶಯ. ಆದರೆ ಹಕ್ಕು ಕಾಗದದ ಮೇಲೆ ಬಂದರೂ ಅದನ್ನು ಚಲಾಯಿಸುವ ಕೈ ಊರಿನಲ್ಲಿರಬೇಕಲ್ಲ?

ಆ ಕೈಗಳೇ ಇಂದು ಕಡಿಮೆಯಾಗುತ್ತಿವೆ. ನಮ್ಮ ಸ್ಪೀಕರಿನ ಬಳೆಯನ್ನು ಕೂರಿಸಲು ಕಲಿಸಿದವರು ತಾಲ್ಲೂಕು ಕೇಂದ್ರದ ಬಸ್‌ನಿಲ್ದಾಣದ ಬಳಿ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಹಿರಿಯರು. ಅವರ ಅಂಗಡಿ ಈಗ ಮುಚ್ಚಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಒಂದು ನಾಟಿ ಭತ್ತದ ತಳಿ ಅಳಿದರೆ ನಾವು ಮರುಗುತ್ತೇವೆ, ಬೀಜ ಹುಡುಕುತ್ತೇವೆ. ಒಂದು ಕಸುಬಿನ ತಿಳಿವಳಿಕೆ ಅಳಿಯುವುದೂ ಅಷ್ಟೇ ದೊಡ್ಡ ನಷ್ಟ. ಬೀಜವನ್ನು ಡಬ್ಬಿಯಲ್ಲಿಟ್ಟು ಕೆಲವು ಕಾಲ ಕಾಪಾಡಬಹುದು. ಕೈಯ ಕಸುಬನ್ನು ಇನ್ನೊಂದು ಕೈಯಲ್ಲಿ ಮಾತ್ರ ಇಡಲು ಸಾಧ್ಯ.

ನೆದರ್‌ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ, ಕೆಟ್ಟ ವಸ್ತುಗಳನ್ನು ತಂದು ಬಲ್ಲವರ ಜೊತೆ ಕುಳಿತು ಸರಿಪಡಿಸಿಕೊಳ್ಳುವ ಕೂಟವೊಂದು ಆರಂಭವಾಗಿ ಇಂದು ಅನೇಕ ದೇಶಗಳಿಗೆ ಹಬ್ಬಿದೆ. ಬೆಂಗಳೂರಿನಲ್ಲಿಯೂ ಅಂಥ ಕೂಟಗಳು ನಡೆದಿವೆ. ನಮ್ಮ ಊರುಗಳಿಗೆ ಇದು ಹೊಸದಲ್ಲ. ಮುಯ್ಯಾಳಿನ ಪದ್ಧತಿ ಬಲ್ಲವರು ನಾವು. ಪ್ರತಿ ಊರಿನ ಗ್ರಂಥಾಲಯದಲ್ಲಿಯೋ ಶಾಲೆಯಲ್ಲಿಯೋ ಒಂದು ಮಲ್ಟಿಮೀಟರ್, ಒಂದು ಬೆಸುಗೆ ಕಡ್ಡಿ, ನಾಲ್ಕು ತಿರುಪುಳಿಗಳನ್ನು ಇಡೋಣ. ತಿಂಗಳಿಗೊಂದು ಭಾನುವಾರ, ಕಸುಬು ಬಲ್ಲ ಹಿರಿಯರೊಬ್ಬರನ್ನು ಗೌರವದಿಂದ ಕರೆಸಿ, ವಿದ್ಯಾರ್ಥಿಗಳನ್ನು ಅವರ ಪಕ್ಕದಲ್ಲಿ ಕೂರಿಸೋಣ. ಪಿಯುಸಿಯಲ್ಲಿ ಓಮನ ನಿಯಮವನ್ನು ಬಾಯಿಪಾಠ ಮಾಡಿದ ಹುಡುಗಿ, ತನ್ನ ಅಜ್ಜನ ಸ್ಪೀಕರಿನ ಕಡಿದ ತಂತಿಯನ್ನು ತಾನೇ ಬೆಸೆದಾಗ ಆ ನಿಯಮ ಅವಳದಾಗುತ್ತದೆ.

ಈ ಮಳೆಗಾಲ ಮುಗಿಯುವ ಮೊದಲು ಅಟ್ಟಕ್ಕೊಮ್ಮೆ ಹತ್ತಿ ನೋಡಿ. ಬಟ್ಟೆ ಮುಚ್ಚಿದ ಒಂದು ಜೊತೆ ಪೆಟ್ಟಿಗೆಗಳು ಅಲ್ಲಿರಬಹುದು. ಇಳಿಸಿ, ಧೂಳು ಒರೆಸಿ, ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಅನಂತರ ಪಡಸಾಲೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ.